ನಾಣ್ಯಕ್ಕೆ ನೆನಪಿದೆಯೇ? ಗಣಿತಜ್ಞ ಮಾರ್ಕೋವ್ ಕಥೆ

ಐದು ಸಲ ಹೆಡ್ ಬಿತ್ತು, ಮುಂದೆ ಟೇಲ್ ಬೀಳಲೇಬೇಕು ಎಂದು ನಂಬಿದ್ದೀರಾ? ತಪ್ಪು. ನಾಣ್ಯಕ್ಕೆ ನೆನಪಿಲ್ಲ. ಹಾಗಾದರೆ ಯಾವುದಕ್ಕಿದೆ? ಅದನ್ನು ಲೆಕ್ಕಕ್ಕೆ ತಂದವರು ರಷ್ಯಾದ ಆಂಡ್ರೇ ಮಾರ್ಕೋವ್.

1856ರಲ್ಲಿ ಹುಟ್ಟಿದ ಅವರು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಪ್ರಾಧ್ಯಾಪಕರಾಗಿದ್ದರು. ಒಂದಕ್ಕೊಂದು ಸಂಬಂಧವಿಲ್ಲದ ಘಟನೆಗಳಿಗೆ ಮಾತ್ರ ಸರಾಸರಿಯ ನಿಯಮ ಅನ್ವಯಿಸುತ್ತದೆ ಎಂದು ನೆಕ್ರಾಸೊವ್ ಎಂಬ ಗಣಿತಜ್ಞ ವಾದಿಸಿದ್ದರು. ಹಿಂದಿನ ಹೆಜ್ಜೆಯನ್ನು ಅವಲಂಬಿಸಿದ ಸರಪಳಿಗಳಲ್ಲೂ ಆ ನಿಯಮ ನಡೆಯುತ್ತದೆ ಎಂದು 1906ರಲ್ಲಿ ಮಾರ್ಕೋವ್ ತೋರಿಸಿದರು. 1913ರಲ್ಲಿ ಪುಷ್ಕಿನ್ ಕಾವ್ಯವೊಂದರ 20,000 ಅಕ್ಷರಗಳನ್ನು ಎಣಿಸಿದರು. ವ್ಯಂಜನದ ನಂತರ ಸ್ವರ ಬಂದದ್ದು ಶೇ. 66, ಸ್ವರದ ನಂತರ ಸ್ವರ ಬಂದದ್ದು ಬರೀ ಶೇ. 13. ಅಂದರೆ ಅಕ್ಷರಗಳಿಗೆ ಹಿಂದಿನದರ ನೆನಪಿದೆ! ಅವರು 1922ರಲ್ಲಿ ತೀರಿಕೊಂಡರು.

ಪರಿಸರದೊಂದಿಗೆ ಬೆರೆಯುವ ಕ್ವಾಂಟಮ್ ವ್ಯವಸ್ಥೆ ಮಾಹಿತಿಯನ್ನು ಹೊರಗೆ ಸೋರಿಸುತ್ತದೆ. ಆ ಪರಿಸರ ಮರೆಗುಳಿಯಾಗಿದ್ದರೆ ವಿಜ್ಞಾನಿಗಳು ಅದನ್ನು 'ಮಾರ್ಕೋವಿಯನ್' ಎನ್ನುತ್ತಾರೆ. ಇದರ ಸಮೀಕರಣವನ್ನು 1976ರಲ್ಲಿ ಕೊಟ್ಟವರಲ್ಲಿ ಬೆಂಗಳೂರಿನ ಐಐಎಸ್‌ಸಿಯಲ್ಲಿ ಸೈದ್ಧಾಂತಿಕ ಅಧ್ಯಯನ ಕೇಂದ್ರ ಕಟ್ಟಿದ ಇ.ಸಿ.ಜಿ. ಸುದರ್ಶನ್ ಒಬ್ಬರು.

ನೆನಪನ್ನು ಅಳೆಯುವುದು ಹೇಗೆ? ಒಂದು ಕಪ್ ಬಿಸಿ ಚಹಾ, ಇನ್ನೊಂದು ಉಗುರುಬೆಚ್ಚಗಿನ ಚಹಾ. ಆರುತ್ತಾ ಎರಡೂ ಒಂದೇ ಆಗುತ್ತವೆ. ಮರೆಗುಳಿ ಪರಿಸರದಲ್ಲಿ ಎರಡು ಕ್ವಾಂಟಮ್ ಸ್ಥಿತಿಗಳ ವ್ಯತ್ಯಾಸವೂ ಹೀಗೆಯೇ ಕರಗುತ್ತದೆ. ನಡುವೆ ಅದು ಮತ್ತೆ ಹೆಚ್ಚಿದರೆ, ಪರಿಸರ ಮಾಹಿತಿಯನ್ನು ವಾಪಸ್ ಕೊಟ್ಟಿದೆ ಎಂದರ್ಥ. ಹೆಚ್ಚಿದಷ್ಟೇ ನೆನಪಿನ ಅಳತೆ.

ಯಾವುದಕ್ಕೋ ನೆನಪಿದೆ ಎಂಬ ಫಾರ್ವರ್ಡ್ ಬಂದರೆ, ಅಳೆದಿದ್ದು ಹೇಗೆ ಎಂದು ಮೊದಲು ಕೇಳಿ.