ಥಾಮಸ್ ಗ್ರಹಾಂ: ಪೊರೆಯ ಮರ್ಮವನ್ನು ಅರಿತವನು

ಕನ್ನಡದಲ್ಲಿ ‘ಪೊರೆ’ ಎಂಬ ಮಾತಿಗೆ ಎರಡು ನೆಲೆಗಳಿವೆ. ನಾಮಪದವಾದಾಗ ಅದು ತೆಳ್ಳನೆಯ ಪದರ, ಹಾವು ಕಳಚುವ ಚರ್ಮ, ಕಣ್ಣಿಗೆ ಕವಿಯುವ ತೆರೆ. ಕ್ರಿಯಾಪದವಾದಾಗ ಸಲಹುವುದು, ಕಾಪಾಡುವುದು. ಈ ಎರಡು ಅರ್ಥಗಳೂ ಒಂದೆಡೆ ಕೂಡಿಬರುವ ವಿದ್ಯೆಯೊಂದು ಆಧುನಿಕ ರಸಾಯನ ವಿಜ್ಞಾನದಲ್ಲಿದೆ. ಮನುಷ್ಯನು ತಾನೇ ತಯಾರಿಸಿದ ಪೊರೆಯ ಮೂಲಕ ರಕ್ತವನ್ನು ಶುದ್ಧಗೊಳಿಸುವುದು, ಉಪ್ಪುನೀರನ್ನು ಸಿಹಿಗೊಳಿಸುವುದು, ಬೆರೆತ ಅನಿಲಗಳನ್ನು ಬೇರ್ಪಡಿಸುವುದು ಈ ವಿದ್ಯೆಯ ವ್ಯಾಪ್ತಿ. ಹೈದರಾಬಾದಿನಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ನೆರೆಯ ತಾರ್ನಾಕದಲ್ಲಿರುವ ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ ಈ ಕ್ಷೇತ್ರದಲ್ಲಿ ಸಂಶೋಧನೆ ನಡೆಸುತ್ತ ಬಂದಿದೆ. 1944ರಲ್ಲಿ ಹೈದರಾಬಾದ್ ಸಂಸ್ಥಾನದ ಪ್ರಯೋಗಾಲಯವಾಗಿ ಹುಟ್ಟಿದ ಸಂಸ್ಥೆಯಿದು. ಇಂಥ ಸಂಶೋಧನೆಗೆಲ್ಲ ತಳಹದಿ ಹಾಕಿದವರಲ್ಲಿ ಮೊದಲು ನೆನೆಯಬೇಕಾದವನು ಸ್ಕಾಟ್ಲೆಂಡಿನ ಥಾಮಸ್ ಗ್ರಹಾಂ.

ಗ್ರಹಾಂ 1805ರ ಡಿಸೆಂಬರ್ 20ರಂದು ಗ್ಲಾಸ್ಗೋ ನಗರದಲ್ಲಿ ಜನಿಸಿದನು. ತಂದೆ ಅನುಕೂಲಸ್ಥ ಉದ್ಯಮಿ. ಮಗನು ಚರ್ಚಿನ ಪಾದ್ರಿಯಾಗಬೇಕೆಂಬುದು ಆತನ ಹಂಬಲ. 1819ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯವನ್ನು ಸೇರಿದ ಬಾಲಕನ ಮನಸ್ಸನ್ನು ಸೆಳೆದದ್ದು ಮಾತ್ರ ಥಾಮಸ್ ಥಾಮ್ಸನ್ ಬೋಧಿಸುತ್ತಿದ್ದ ರಸಾಯನ ಶಾಸ್ತ್ರ. 1826ರಲ್ಲಿ ಎಂ.ಎ. ಪದವಿ ಪಡೆದ ಮೇಲೂ ಆತ ಧರ್ಮಶಾಸ್ತ್ರದತ್ತ ಹೊರಳಲಿಲ್ಲ. ತಂದೆ ಮುನಿದು ಹಣದ ನೆರವನ್ನು ನಿಲ್ಲಿಸಿದನು. ತಾಯಿ ಮಾತ್ರ ಮಗನ ಒಲವಿಗೆ ಒತ್ತಾಸೆಯಾಗಿ ನಿಂತಳು. ಪಾಠ ಹೇಳಿ, ಲೇಖನಗಳನ್ನು ಬರೆದು ಬದುಕು ಸಾಗಿಸಿದ ಗ್ರಹಾಂ 1830ರಲ್ಲಿ ಗ್ಲಾಸ್ಗೋದ ಆಂಡರ್ಸೋನಿಯನ್ ಸಂಸ್ಥೆಯಲ್ಲಿ ರಸಾಯನ ಶಾಸ್ತ್ರದ ಪ್ರಾಧ್ಯಾಪಕನಾದನು.

ಆತನ ಜೀವಮಾನದ ಜಿಜ್ಞಾಸೆಯ ಬೀಜವನ್ನು 1829ರ ಒಂದು ಸಣ್ಣ ಪ್ರಯೋಗದಲ್ಲಿ ಕಾಣಬಹುದು. ಕಲ್ಲಿದ್ದಲ ಅನಿಲವನ್ನು ಅರೆಬರೆ ತುಂಬಿದ ಪ್ರಾಣಿಯ ಮೂತ್ರಕೋಶವೊಂದನ್ನು ಇಂಗಾಲಾಮ್ಲವಿದ್ದ ಜಾಡಿಯಲ್ಲಿರಿಸಿದಾಗ ಅದು ತಾನಾಗಿ ಉಬ್ಬಿಕೊಂಡಿತು. ಹೊರಗಿನ ಅನಿಲವು ಪೊರೆಯನ್ನು ಹಾದು ಒಳಗೆ ಸೇರಿತ್ತು. ಯಾವ ವಸ್ತು ಪೊರೆಯನ್ನು ದಾಟುತ್ತದೆ, ಯಾವುದು ದಾಟದು, ಏಕೆ ಎಂಬ ಪ್ರಶ್ನೆ ಗ್ರಹಾಂನನ್ನು ಕೊನೆಯವರೆಗೂ ಬಿಡಲಿಲ್ಲ. ಅನಿಲಗಳು ವಿಸರಿಸುವ ವೇಗವು ಅವುಗಳ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮ ಪ್ರಮಾಣದಲ್ಲಿರುತ್ತದೆಂಬ ಆತನ ನಿಯಮ 1833ರಲ್ಲಿ ಪ್ರಕಟವಾಯಿತು. ಜಲಜನಕಕ್ಕಿಂತ 16 ಪಟ್ಟು ಸಾಂದ್ರವಾದ ಆಮ್ಲಜನಕವು ನಾಲ್ಕು ಪಟ್ಟು ನಿಧಾನವಾಗಿ ಹರಡುತ್ತದೆ ಎಂಬುದು ಅದಕ್ಕೆ ನಿದರ್ಶನ.

1837ರಲ್ಲಿ ಲಂಡನ್ನಿನ ಯೂನಿವರ್ಸಿಟಿ ಕಾಲೇಜಿಗೆ ಬಂದ ಗ್ರಹಾಂ 1841ರಲ್ಲಿ ಸ್ಥಾಪಿತವಾದ ಕೆಮಿಕಲ್ ಸೊಸೈಟಿಯ ಪ್ರಥಮ ಅಧ್ಯಕ್ಷನಾದನು. 1855ರಲ್ಲಿ ಬ್ರಿಟನ್ನಿನ ಟಂಕಸಾಲೆಯ ಮುಖ್ಯಸ್ಥನ ಹೊಣೆ ಆತನ ಪಾಲಿಗೆ ಬಂತು. ಹಿಂದೆ ನ್ಯೂಟನ್ ವಹಿಸಿದ್ದ ಹುದ್ದೆಯದು. ತಾಮ್ರದ ನಾಣ್ಯಗಳಿಗೆ ಬದಲಾಗಿ 1860ರಲ್ಲಿ ಕಂಚಿನ ನಾಣ್ಯಗಳು ಬಂದದ್ದು ಆತನ ಆಡಳಿತದಲ್ಲಿಯೇ. ಕಚೇರಿಯ ಭಾರದಿಂದ ಕೆಲವು ವರ್ಷ ಸಂಶೋಧನೆ ಹಿಂದೆ ಬಿದ್ದರೂ ಆತನ ಅತ್ಯಂತ ಫಲವತ್ತಾದ ಶೋಧ ಹೊರಬಂದದ್ದು ಅದಾದ ಮೇಲೆ, 1861ರಲ್ಲಿ.

ಅಲ್ಲಿಯವರೆಗೆ ಗ್ರಹಾಂ ಬಹುಮಟ್ಟಿಗೆ ಪ್ರಾಣಿಜನ್ಯ ಪೊರೆಯನ್ನು ನೆಚ್ಚಿದ್ದನು. ಈಗ ಗಂಧಕಾಮ್ಲದಲ್ಲಿ ಅದ್ದಿ ತೊಳೆದು ಗಟ್ಟಿಗೊಳಿಸಿದ ಕಾಗದವನ್ನು, ಎಂದರೆ ಮನುಷ್ಯನೇ ಮಾಡಿದ ಪೊರೆಯನ್ನು, ಬಳೆಯಾಕಾರದ ಚೌಕಟ್ಟಿಗೆ ಬಿಗಿದು ನೀರಿನ ಮೇಲೆ ತೇಲಿಬಿಟ್ಟನು. ಅದರೊಳಗೆ ಸುರಿದ ದ್ರಾವಣದಲ್ಲಿ ಉಪ್ಪು, ಸಕ್ಕರೆಗಳು ಪೊರೆಯನ್ನು ದಾಟಿ ನೀರಿಗೆ ಸೇರಿದವು. ಗೋಂದು, ಪಿಷ್ಟ, ಲೋಳೆಗಳು ಒಳಗೇ ಉಳಿದವು. ದಾಟಿದವುಗಳನ್ನು ಸ್ಫಟಿಕಾಭಗಳೆಂದೂ ಉಳಿದವುಗಳನ್ನು ಅಂಟು ಎಂಬರ್ಥದ ಗ್ರೀಕ್ ಪದದಿಂದ ಕೊಲಾಯ್ಡ್ ಎಂದೂ ಕರೆದನು. ಕನ್ನಡದ ವಿಜ್ಞಾನ ಗ್ರಂಥಗಳಲ್ಲಿ ಇದು ‘ಕಲಿಲ’ವಾಗಿದೆ. ಬೇರ್ಪಡಿಸುವ ಕ್ರಿಯೆಗೆ ಡಯಾಲಿಸಿಸ್ ಎಂದು ಹೆಸರಿಟ್ಟವನೂ ಈತನೇ. ಮೂತ್ರದಿಂದ ಯೂರಿಯಾವನ್ನು ಈ ವಿಧಾನದಿಂದ ಬೇರ್ಪಡಿಸಿ ತೋರಿಸಿದನು. ಆಹಾರದಲ್ಲಿ ಬೆರೆತ ಪಾಷಾಣವನ್ನು ಪತ್ತೆಹಚ್ಚಲೂ ಇದು ನೆರವಾಗುವುದೆಂದು ಸೂಚಿಸಿದನು. 1866ರಲ್ಲಿ ತೆಳುವಾದ ರಬ್ಬರಿನ ಪೊರೆಯ ಮೂಲಕ ಗಾಳಿಯನ್ನು ಹಾಯಿಸಿ, ಅದರಲ್ಲಿನ ಆಮ್ಲಜನಕದ ಪ್ರಮಾಣವನ್ನು ಶೇಕಡಾ 21ರಿಂದ ಸುಮಾರು 41ಕ್ಕೆ ಏರಿಸಿದನು. ಅನಿಲಗಳನ್ನು ಪೊರೆಯಿಂದ ಬೇರ್ಪಡಿಸುವ ಇಂದಿನ ಕೈಗಾರಿಕೆಗೆ ಇದೇ ಮುನ್ನುಡಿ.

ಅವಿವಾಹಿತನಾಗಿಯೇ ಉಳಿದ ಗ್ರಹಾಂ 1869ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡನು. ಹುಟ್ಟೂರಿನ ಜಾರ್ಜ್ ಚೌಕದಲ್ಲಿ ಆತನ ಪ್ರತಿಮೆಯಿದೆ. ಯೂರಿಯಾ ತನ್ನ ಕಾಗದವನ್ನು ದಾಟಿದ್ದರ ಪೂರ್ಣ ಫಲವನ್ನು ಆತ ಕಾಣಲಿಲ್ಲ. ಮೂತ್ರಪಿಂಡ ಕೆಟ್ಟಾಗ ರಕ್ತದಲ್ಲಿ ತುಂಬಿಕೊಳ್ಳುವ ಕಲ್ಮಷಗಳಲ್ಲಿ ಯೂರಿಯಾವೂ ಒಂದು. 1943ರಲ್ಲಿ, ಜರ್ಮನರು ಆಕ್ರಮಿಸಿದ್ದ ನೆದರ್ಲೆಂಡಿನಲ್ಲಿ, ವಿಲೆಮ್ ಕಾಲ್ಫ್ ಎಂಬ ವೈದ್ಯನು ಸೆಲೋಫೇನ್ ಕೊಳವೆಯನ್ನು ತಿರುಗುವ ಪೀಪಾಯಿಗೆ ಸುತ್ತಿ ಕೃತಕ ಮೂತ್ರಪಿಂಡವನ್ನು ರೂಪಿಸಿದನು. ಮೊದಮೊದಲ ರೋಗಿಗಳಲ್ಲಿ ಬಹುಪಾಲು ಮಂದಿ ಉಳಿಯಲಿಲ್ಲ. 1945ರಲ್ಲಿ 67 ವರ್ಷದ ಮಹಿಳೆಯೊಬ್ಬಳು ಪ್ರಜ್ಞಾಹೀನ ಸ್ಥಿತಿಯಿಂದ ಮರಳಿ ಬಂದಳು. ಇಂದು ಜಿಲ್ಲಾ ಆಸ್ಪತ್ರೆಗಳಲ್ಲಿಯೂ ಅಸಂಖ್ಯಾತರ ಉಸಿರು ನಿಂತಿರುವುದು ಆ ತತ್ತ್ವದ ಮೇಲೆಯೇ.

ನೀರಿನ ವಿಷಯದಲ್ಲಿಯೂ ಹಾಗೆಯೇ. 1960ರ ಸುಮಾರಿಗೆ ಕ್ಯಾಲಿಫೋರ್ನಿಯಾದಲ್ಲಿ ಸಿಡ್ನಿ ಲೋಬ್ ಮತ್ತು ಭಾರತ ಮೂಲದ ಶ್ರೀನಿವಾಸ ಸೌರಿರಾಜನ್ ಸೆಲ್ಯುಲೋಸ್ ಅಸಿಟೇಟಿನಿಂದ ಹೊಸ ಬಗೆಯ ಪೊರೆಯನ್ನು ತಯಾರಿಸಿ ಹಿಮ್ಮುಖ ಅಭಿಸರಣೆಯನ್ನು ಕಾರ್ಯಸಾಧ್ಯಗೊಳಿಸಿದರು. ನಲಗೊಂಡ, ರಾಯಚೂರು, ಕಲಬುರಗಿ ಜಿಲ್ಲೆಗಳ ಅಂತರ್ಜಲದಲ್ಲಿ ಫ್ಲೋರೈಡ್ ಬೆರೆತಿರುವ ಊರುಗಳಿವೆ. ಆ ನೀರನ್ನೇ ಕುಡಿದ ಮಕ್ಕಳ ಹಲ್ಲು ಕಂದುತ್ತದೆ, ವರ್ಷಗಳು ಕಳೆದಂತೆ ಮೂಳೆ ಬಾಗುತ್ತದೆ. ಅಂಥ ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ಬಿಂದಿಗೆ ಹಿಡಿದು ನಿಂತವರಿಗೆ ಗ್ರಹಾಂನ ಹೆಸರು ತಿಳಿಯದು. ಘಟಕವು ಹೊರಚೆಲ್ಲುವ ಕಲ್ಮಷದ ನೀರಿಗೆ ದಾರಿ ಕಾಣಿಸುವ ಕೆಲಸ ಇನ್ನೂ ಪೂರ್ಣಗೊಂಡಿಲ್ಲ ಎಂಬುದೂ ನಿಜ. ಆದರೂ ತಂದೆಯ ಮುನಿಸನ್ನು ಹೊತ್ತು ತನ್ನ ಪ್ರಶ್ನೆಯನ್ನು ನಾಲ್ಕು ದಶಕಗಳ ಕಾಲ ಬಿಡದೆ ಹಿಡಿದವನಿಂದ, ಪೊರೆ ಎಂಬ ಕನ್ನಡದ ಮಾತಿನ ಎರಡನೆಯ ಅರ್ಥವೂ ವಿಜ್ಞಾನದಲ್ಲಿ ಸಾರ್ಥಕವಾಗಿದೆ.