ವಿಲಿಸ್ ಕ್ಯಾರಿಯರ್

ವಿಲಿಸ್ ಹ್ಯಾವಿಲೆಂಡ್ ಕ್ಯಾರಿಯರ್ (26 ನವೆಂಬರ್ 1876 – 7 ಅಕ್ಟೋಬರ್ 1950) ಅಮೆರಿಕದ ಎಂಜಿನಿಯರ್. ಆಧುನಿಕ ಹವಾನಿಯಂತ್ರಣದ ಪಿತಾಮಹರೆಂದು ಪ್ರಸಿದ್ಧರು. ನ್ಯೂಯಾರ್ಕ್ ರಾಜ್ಯದ ಆಂಗೋಲಾದಲ್ಲಿ ಜನಿಸಿದ ಅವರು 1901ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಪದವಿ ಪಡೆದು ಬಫಲೋ ಫೋರ್ಜ್ ಕಂಪನಿಯನ್ನು ಸೇರಿದರು.

ಮರುವರ್ಷ ಬ್ರೂಕ್ಲಿನ್‌ನ ಮುದ್ರಣಾಲಯವೊಂದರ ಸಮಸ್ಯೆ ಅವರ ಮುಂದೆ ಬಂದಿತು. ಗಾಳಿಯ ತೇವಾಂಶ ಏರಿಳಿದಂತೆ ಕಾಗದವು ಹಿಗ್ಗಿ ಕುಗ್ಗುತ್ತಿತ್ತು. ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಪಕ್ಕಕ್ಕೆ ಸರಿಯುತ್ತಿದ್ದವು. ಆದ್ದರಿಂದ ಕ್ಯಾರಿಯರ್ ಅವರ ಮೊದಲ ಗುರಿ ಜನರಿಗೆ ತಂಪು ನೀಡುವುದಾಗಿರಲಿಲ್ಲ. ಗಾಳಿಯಿಂದ ನೀರನ್ನು ತೆಗೆಯುವುದಾಗಿತ್ತು. ತಣ್ಣೀರು ಹರಿಯುವ ಕೊಳವೆಗಳ ಸುರುಳಿಯ ಮೇಲೆ ಗಾಳಿಯನ್ನು ಹಾಯಿಸಿದಾಗ ಹೆಚ್ಚುವರಿ ತೇವವು ಹನಿಗಟ್ಟಿ ಬೇರ್ಪಡುತ್ತಿತ್ತು. ಇಂದಿನ ಎ.ಸಿ. ಒಳಘಟಕದಲ್ಲಿ ಶೀತಕ ಹರಿಯುವ ತಾಮ್ರದ ಕೊಳವೆಗಳ ಜೊತೆಗೆ, ಇಳಿಜಾರಾಗಿ ಅಳವಡಿಸುವ ಡ್ರೈನ್ ಪೈಪ್ ಹೊರಸಾಗಿಸುವುದು ಹೀಗೆ ಹನಿಗಟ್ಟಿದ ನೀರನ್ನೇ.

ನೀರು ಸಿಂಪಡಿಸಿ ಗಾಳಿಯನ್ನು ಸಂಸ್ಕರಿಸುವ ಅವರ ಸಾಧನಕ್ಕೆ 1906ರಲ್ಲಿ ಪೇಟೆಂಟ್ ದೊರೆಯಿತು. ತೇವಗೊಳಿಸುವ ನೀರಿನಿಂದಲೇ ಗಾಳಿಯನ್ನು ಒಣಗಿಸಬಹುದೆಂಬುದು ಮೇಲ್ನೋಟಕ್ಕೆ ವಿಚಿತ್ರವೆನಿಸುತ್ತದೆ. ಸಿಂಪಡಿಸುವ ನೀರು ಸಾಕಷ್ಟು ತಣ್ಣಗಿದ್ದರೆ ಗಾಳಿಯ ತೇವ ಅದರ ಹನಿಗಳ ಮೇಲೆಯೇ ಸಾಂದ್ರೀಕರಿಸುತ್ತದೆ. ಉಷ್ಣತೆ ಮತ್ತು ತೇವಾಂಶಗಳ ಸಂಬಂಧವನ್ನು ವಿವರಿಸುವ ಸೂತ್ರಗಳನ್ನು 1911ರಲ್ಲಿ ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರುಗಳ ಸಂಘದ ಮುಂದೆ ಮಂಡಿಸಿದರು.

1915ರಲ್ಲಿ ಆರು ಸಹೋದ್ಯೋಗಿಗಳೊಂದಿಗೆ ಸ್ವಂತ ಕಂಪನಿಯನ್ನು ಸ್ಥಾಪಿಸಿದರು. ಆ ಕಾಲದ ಶೈತ್ಯಯಂತ್ರಗಳಲ್ಲಿ ಸಾಮಾನ್ಯವಾಗಿದ್ದ ಅಮೋನಿಯಾ ವಿಷಕಾರಿ. ಜನ ಕಿಕ್ಕಿರಿದ ಸಭಾಂಗಣದಲ್ಲಿ ಸೋರಿದರೆ ಪ್ರಾಣಾಪಾಯ. 1922ರಲ್ಲಿ ಅವರು ಪ್ರದರ್ಶಿಸಿದ ಕೇಂದ್ರಾಪಗಾಮಿ ಯಂತ್ರವು ಅಮೋನಿಯಾದ ಬದಲು ಬೇರೆ ಶೀತಕವನ್ನು ಬಳಸಿತು. 1925ರಲ್ಲಿ ನ್ಯೂಯಾರ್ಕ್‌ನ ರಿವೋಲಿ ಚಿತ್ರಮಂದಿರದಲ್ಲಿ ಅಳವಡಿಸಿದ ವ್ಯವಸ್ಥೆಯಿಂದ ಹವಾನಿಯಂತ್ರಣವು ಜನಸಾಮಾನ್ಯರ ಅನುಭವಕ್ಕೆ ಬಂದಿತು.

ಮನೆಗಳಲ್ಲಿ ಹವಾನಿಯಂತ್ರಕಗಳು ವ್ಯಾಪಕವಾಗುವ ಮುನ್ನವೇ, 1950ರಲ್ಲಿ, ಕ್ಯಾರಿಯರ್ ನಿಧನರಾದರು.