ಖ್ವಾಜಾ ಬಂದೇ ನವಾಜರು

ಗಂಜಾಮಿನ ಗುಂಬಜಿನಲ್ಲಿ ಚಿರನಿದ್ರೆಯಲ್ಲಿರುವ ಹೈದರಾಲಿಯ ಪೂರ್ವಿಕರು ಕಲಬುರಗಿಯಲ್ಲಿ ಆಶ್ರಯಿಸಿದ್ದು ಖ್ವಾಜಾ ಬಂದೇ ನವಾಜರ ದರ್ಗಾವನ್ನು. ಆ ಮಹನೀಯರು 1321ರಲ್ಲಿ ದಿಲ್ಲಿಯಲ್ಲಿ ಜನಿಸಿದರು. ಗುರು ನಸೀರುದ್ದೀನ್ ಚಿರಾಗರಿಂದ ದೀಕ್ಷೆ ಪಡೆದು, ಗುರುವಿನ ತರುವಾಯ ಬಹುಕಾಲ ಶಿಷ್ಯರಿಗೆ ಬೋಧಿಸುತ್ತಿದ್ದರು. 1398ರಲ್ಲಿ ತೈಮೂರನ ದಾಳಿಯೊದಗಲು, ಎಂಬತ್ತನ್ನು ಸಮೀಪಿಸಿದ ವಯಸ್ಸಿನಲ್ಲಿ ದಕ್ಷಿಣಕ್ಕೆ ಹೊರಟು ಕಾಲಕ್ರಮದಲ್ಲಿ ಕಲಬುರಗಿಯಲ್ಲಿ ನೆಲಸಿದರು.

ಸೃಷ್ಟಿಯು ಹೇಗಾಯಿತೆಂಬುದು ಸೂಫೀ ಸಂತರಲ್ಲಿ ದೊಡ್ಡ ಜಿಜ್ಞಾಸೆಯಾಗಿದ್ದಿತು. ಸೂರ್ಯನಿಂದ ಬೆಳಕು ಹೊಮ್ಮುವಂತೆ ಏಕವಸ್ತುವಿನಿಂದ ಬುದ್ಧಿಯೂ, ಬುದ್ಧಿಯಿಂದ ಆತ್ಮವೂ, ಆತ್ಮದಿಂದ ಜಗತ್ತೂ ಹೊಮ್ಮಿದುವೆಂಬುದು 3ನೆಯ ಶತಮಾನದ ಗ್ರೀಕ್ ತತ್ತ್ವಜ್ಞ ಪ್ಲಾಟಿನಸನ ಮತ. ಅದು 9ನೆಯ ಶತಮಾನದಲ್ಲಿ ಅರಿಸ್ಟಾಟಲನ ಹೆಸರಿನಿಂದ ಅರಬ್ಬೀ ಭಾಷೆಗೆ ಬಂದಿತು. ಮುಂದೆ ಇಬ್ನ್ ಅರಬಿಯವರು (1165–1240) ಇರುವ ಸತ್ತೆ ಒಂದೇ, ಜಗತ್ತೆಲ್ಲವೂ ಅದರ ಪ್ರಕಾಶವೆಂದು ಸಾರಿದರು. ಬಂದೇ ನವಾಜರು ಆ ಮಹಾಚಾರ್ಯರಿಗೂ ತಲೆಬಾಗಲಿಲ್ಲ. ದೇವನು ಸತ್ತೆಯೆಂಬ ಮಾತಿಗೂ ನಿಲುಕದವನು, ಆಚೆಗೂ ಆಚೆಯವನು. ಸತ್ತೆಯ ಏಕತೆಯಲ್ಲಿಯೇ ನಿಂತ ಸಾಧಕನು ಗುರಿಯನ್ನು ಮುಟ್ಟಿದವನಲ್ಲವೆಂಬುದು ಅವರ ನಿಶ್ಚಯ.

ತರ್ಕಪ್ರಿಯನಾದ ಫಿರೋಜ್ ಷಾ ಬಹಮನಿಯು ಮೊದಲು ಅವರನ್ನು ಆದರಿಸಿ, ಬಳಿಕ ಮುನಿದನು. ಅರಸನ ಮುನಿಸಿಗೂ ಅಳುಕದೆ ಅವರು ಬೋಧೆಯನ್ನು ಮುಂದುವರಿಸಿ, ನೂರು ವಯಸ್ಸು ದಾಟಿ 1422ರಲ್ಲಿ ದೇಹವಿಟ್ಟರು. ಅವರ ಸಮಾಧಿಗೆ ಇಂದಿಗೂ ಮತಭೇದವಿಲ್ಲದೆ ಜನರು ನಡೆದುಕೊಳ್ಳುತ್ತಿರುವರು.